ದಿನಕ್ಕೊಂದು ನಗೆ, ತಾರೀಖಿಗೊಂದು ಪ್ರಶ್ನೆ

ವಾರದ ಏಳು ದಿನಾಂಕಗಳಿಗೆ ಚರಿತ್ರೆಯಿಂದ ಏಳು ನಗೆಯ ಪ್ರಸಂಗಗಳನ್ನು ಆರಿಸಿ ಈ ಪತ್ರಿಕೆಯಲ್ಲಿ ಕೊಡುತ್ತ ಬಂದಿದ್ದೇನೆ. ಆ ಪುಟದ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಗಳಿವೆ.

ಪ್ರಶ್ನೆ: ಆಗಸ್ಟ್ 27ರ ಕೆಳಗೆ ಪೂರ್ವ ಆಫ್ರಿಕಾದ ಜಾಂಜಿಬಾರಿನ ಮೂವತ್ತೆಂಟು ನಿಮಿಷಗಳ ಯುದ್ಧವನ್ನು ತಮಾಷೆಯೆಂಬಂತೆ ಬರೆದಿದ್ದಿರಿ. ಅದರಲ್ಲಿ ಸತ್ತವರ ಮಾತನ್ನು ಏಕೆ ಎತ್ತಲಿಲ್ಲ? (ಧಾರವಾಡದ ಓದುಗರೊಬ್ಬರು)

ಉತ್ತರ: ನಿಮ್ಮ ಆಕ್ಷೇಪ ಸರಿಯಾಗಿದೆ, ಆ ಪ್ರಸಂಗವನ್ನು ನಾನು ಆರಿಸಬಾರದಿತ್ತು. 1896ರ ಆಗಸ್ಟ್ 25ರಂದು ಜಾಂಜಿಬಾರಿನ ಸುಲ್ತಾನ ತೀರಿಕೊಂಡಾಗ ಅದೇ ರಾಜಮನೆತನದ ಖಾಲಿದ್ ಬಿನ್ ಬರ್ಘಾಷ್ ಬ್ರಿಟಿಷರ ಒಪ್ಪಿಗೆಯಿಲ್ಲದೆ ಅರಮನೆಯನ್ನು ಹಿಡಿದುಕೊಂಡ. 27ರ ಬೆಳಿಗ್ಗೆ ಒಂಬತ್ತು ಗಂಟೆಯೊಳಗೆ ಅರಮನೆ ತೆರವಾಗಬೇಕೆಂದು ಬ್ರಿಟಿಷರು ಗಡುವು ಕೊಟ್ಟರು. ಗಡುವು ಮೀರಿದ ಕೂಡಲೇ ಬಂದರಿನಲ್ಲಿದ್ದ ಯುದ್ಧನೌಕೆಗಳು ಆ ಮರದ ಅರಮನೆಯ ಮೇಲೆ ಗುಂಡಿನ ಮಳೆಗರೆದವು. ಗಡಿಯಾರವನ್ನಷ್ಟೇ ನೋಡಿದರೆ ಯುದ್ಧ ಒಂದು ಊಟದ ಹೊತ್ತಿಗಿಂತ ಚಿಕ್ಕದು, ಆದರೆ ಅರಮನೆಯ ಕಡೆಯಲ್ಲಿ ಸತ್ತವರು ಮತ್ತು ಗಾಯಗೊಂಡವರು ಸುಮಾರು 500 ಜನ. ಬ್ರಿಟಿಷರ ಕಡೆಯಲ್ಲಿ ಗಾಯಗೊಂಡವನು ಒಬ್ಬನೇ ನಾವಿಕ. ಈ ಎರಡು ಸಂಖ್ಯೆಗಳನ್ನು ಬಿಟ್ಟು ಮೂವತ್ತೆಂಟು ನಿಮಿಷಗಳನ್ನು ಮಾತ್ರ ಹೇಳಿದಾಗ ಹುಟ್ಟುವ ನಗು ಗೆದ್ದವರ ಪಕ್ಕದಲ್ಲಿ ನಿಂತು ನಕ್ಕ ನಗುವಾಗುತ್ತದೆ. ಇದೇ ಕಾರಣಕ್ಕೆ, ಹಲವರು ಕೇಳಿದ್ದರೂ, 1919ರ ಜನವರಿ 15ರಂದು ಬಾಸ್ಟನ್ ನಗರದಲ್ಲಿ ಕಾಕಂಬಿಯ ತೊಟ್ಟಿ ಒಡೆದು ಬೀದಿಗಳಲ್ಲಿ ಹರಿದ ಪ್ರಸಂಗವನ್ನೂ ನಾನು ಹಾಕಿಲ್ಲ. ಕಾಕಂಬಿಯ ಪ್ರವಾಹವೆಂದರೆ ಕೇಳಿದವರಿಗೆ ನಗು ಬರುತ್ತದೆ. ಆ ಪ್ರವಾಹಕ್ಕೆ ಸಿಕ್ಕಿ ಸತ್ತವರು 21 ಜನ.

ಆಗಸ್ಟ್ 27ಕ್ಕೆ ಬೇರೊಂದು ಪ್ರಸಂಗವಿದೆ, ಮುಂದಿನ ವರ್ಷದಿಂದ ಅದೇ ಆ ಜಾಗದಲ್ಲಿ ಬರುತ್ತದೆ. ಅದರ ವಿವರ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಪ್ರಾರ್ಥನೆಯ ನಂತರ ‘ಇಂದಿನ ದಿನ’ ಎಂದು ಫಲಕದ ಮೇಲೆ ಬರೆಯುವ ಕೆಲಸ ನನ್ನದು. ಜನನ, ಮರಣ, ಒಪ್ಪಂದಗಳನ್ನು ಬರೆದರೆ ಮಕ್ಕಳು ತಿರುಗಿಯೂ ನೋಡುವುದಿಲ್ಲ. ಅವರು ನಿಂತು ಓದುವಂಥದ್ದನ್ನು ಹೇಳಿ. (ಗದಗ ಜಿಲ್ಲೆಯ ಶಿಕ್ಷಕಿಯೊಬ್ಬರು)

ಉತ್ತರ: 1783ರ ಆಗಸ್ಟ್ 27 ಮತ್ತು ಅದೇ ವರ್ಷದ ಸೆಪ್ಟೆಂಬರ್ 19, ಈ ಎರಡು ದಿನಗಳನ್ನು ಬರೆದು ನೋಡಿ.

ಮೊದಲನೆಯ ದಿನ ಪ್ಯಾರಿಸ್ಸಿನಲ್ಲಿ ಜಾಕ್ ಚಾರ್ಲ್ಸ್ ಎಂಬ ವಿಜ್ಞಾನಿ ಜಲಜನಕ ತುಂಬಿದ ರೇಷ್ಮೆಯ ಬಲೂನನ್ನು, ಒಳಗೆ ಯಾರನ್ನೂ ಕೂರಿಸದೆ, ಆಕಾಶಕ್ಕೆ ಬಿಟ್ಟ. ಮುಕ್ಕಾಲು ಗಂಟೆಯ ಮೇಲೆ ಅದು ಗೊನೆಸ್ ಎಂಬ ಹಳ್ಳಿಯಲ್ಲಿ ಇಳಿಯಿತು. ಹೊಲದಲ್ಲಿ ಕೆಲಸ ಮಾಡುತ್ತಿದ್ದ ಜನರ ಕಣ್ಣಿಗೆ ಬಿದ್ದದ್ದೇನೆಂದರೆ ಆಕಾಶದಿಂದ ಬಿದ್ದ, ಆಳೆತ್ತರಕ್ಕೂ ಮೀರಿದ, ಗಾಳಿಗೆ ಉಸಿರಾಡುವಂತೆ ಏಳುತ್ತ ಬೀಳುತ್ತಿದ್ದ, ಕೆಟ್ಟ ವಾಸನೆ ಬಿಡುತ್ತಿದ್ದ ಒಂದು ಪ್ರಾಣಿ. ಅವರು ಕವೆಗೋಲು, ಚಾಕುಗಳಿಂದ ಅದನ್ನು ಇರಿದರು, ಕುದುರೆಯ ಬಾಲಕ್ಕೆ ಕಟ್ಟಿ ಎಳೆದಾಡಿದರು. ಬಲೂನು ಎಂದರೇನು, ಅದರಿಂದ ಹೆದರಬೇಕಾಗಿಲ್ಲ ಎಂದು ಆಮೇಲೆ ಫ್ರಾನ್ಸಿನ ಸರಕಾರವೇ ಪ್ರಕಟಣೆ ಹೊರಡಿಸಿ ಜನರಿಗೆ ತಿಳಿಸಬೇಕಾಯಿತು. ಮಕ್ಕಳಿಗೆ ಈ ಕಥೆ ಹೇಳುವಾಗ ಹಳ್ಳಿಯವರನ್ನು ದಡ್ಡರೆಂದು ಹೇಳಬೇಡಿ ಎಂದು ಕೇಳಿಕೊಳ್ಳುತ್ತೇನೆ. ಅವರಲ್ಲಿ ಯಾರೂ ಅದಕ್ಕೆ ಮೊದಲು ಬಲೂನನ್ನು ಕಂಡಿರಲಿಲ್ಲ, ಮತ್ತು ಮನೆಮಕ್ಕಳು ಹತ್ತಿರದಲ್ಲಿರುವಾಗ ಗೊತ್ತಿಲ್ಲದ ಪ್ರಾಣಿಯ ಎದುರು ಕವೆಗೋಲು ಹಿಡಿದು ನಿಲ್ಲುವುದು ಧೈರ್ಯದ ಕೆಲಸವೇ ಆಗಿತ್ತು.

ಎರಡನೆಯ ದಿನ ವರ್ಸೇಲ್ಸ್ ಅರಮನೆಯ ಮುಂದೆ, ದೊರೆ 16ನೆಯ ಲೂಯಿ ಮತ್ತು ರಾಣಿ ಮರೀ ಆಂತ್ವಾನೆತ್ ನೋಡುತ್ತಿದ್ದಂತೆ, ಮಾಂಟ್‌ಗೋಲ್ಫಿಯೇ ಸೋದರರ ಬಿಸಿಗಾಳಿಯ ಬಲೂನಿನಲ್ಲಿ ಒಂದು ಕುರಿ, ಒಂದು ಬಾತುಕೋಳಿ ಮತ್ತು ಒಂದು ಹುಂಜ ಮೇಲೇರಿದವು. ಎತ್ತರದ ಗಾಳಿಯಲ್ಲಿ ಜೀವ ಉಳಿಯುತ್ತದೆಯೇ ಎಂಬುದೇ ಅಂದಿನ ಪ್ರಶ್ನೆ. ಸುಮಾರು ಎಂಟು ನಿಮಿಷ ಹಾರಿ, ಮೂರು ಕಿಲೋಮೀಟರು ದೂರದ ಕಾಡಿನಲ್ಲಿ ಮೂರೂ ಜೀವಂತ ಇಳಿದವು. ಆದರೆ ಹುಂಜದ ಒಂದು ರೆಕ್ಕೆಗೆ ಪೆಟ್ಟಾಗಿತ್ತು. ಆಕಾಶಕ್ಕೇರಿದ್ದರಿಂದಲೇ ಹೀಗಾಯಿತೇ ಎಂಬ ಆತಂಕ ಹುಟ್ಟಿ ವಿಚಾರಣೆ ಮಾಡಿದಾಗ, ಹೊರಡುವ ಮುನ್ನವೇ ಕುರಿ ಹುಂಜಕ್ಕೆ ಒದ್ದದ್ದನ್ನು ಕಂಡವರು ಸಿಕ್ಕರು. ಅದೇ ವರ್ಷ ನವೆಂಬರ್ 21ರಂದು ಮನುಷ್ಯರು ಮೊದಲ ಬಾರಿಗೆ ನೆಲಕ್ಕೆ ಹಗ್ಗದಿಂದ ಕಟ್ಟಿರದ ಬಲೂನಿನಲ್ಲಿ ಹಾರಿದರು. ಕುರಿಯ ಒದೆತದ ವಿಷಯ ಇತ್ಯರ್ಥವಾಗದೆ ಹೋಗಿದ್ದರೆ ಆ ದಿನ ಇನ್ನಷ್ಟು ತಡವಾಗುತ್ತಿತ್ತೇನೋ ಎಂದು ನನಗೆ ಅನ್ನಿಸುತ್ತದೆ. ಫಲಕದ ಮೇಲೆ ‘ಹುಂಜದ ರೆಕ್ಕೆಗೆ ಪೆಟ್ಟಾದದ್ದು ಹೇಗೆ?’ ಎಂದಷ್ಟೇ ಬರೆದು ಉತ್ತರವನ್ನು ಮರುದಿನಕ್ಕೆ ಉಳಿಸಿಕೊಳ್ಳಿ.

ಪ್ರಶ್ನೆ: ರಷ್ಯಾದ ಅಕ್ಟೋಬರ್ ಕ್ರಾಂತಿಯ ದಿನಾಚರಣೆಯನ್ನು ನವೆಂಬರ್ 7ಕ್ಕೆ ಹಾಕಿದ್ದೀರಿ. ಇದು ಅಚ್ಚಿನ ತಪ್ಪಲ್ಲವೇ? (ಶಿವಮೊಗ್ಗದ ಕಾಲೇಜು ವಿದ್ಯಾರ್ಥಿ)

ಉತ್ತರ: ಅಚ್ಚಿನ ತಪ್ಪಲ್ಲ. 1917ರಲ್ಲಿ ರಷ್ಯಾ ಹಳೆಯ ಜೂಲಿಯನ್ ಪಂಚಾಂಗವನ್ನೇ ಅನುಸರಿಸುತ್ತಿತ್ತು, ಅದು ಉಳಿದ ಬಹಳ ದೇಶಗಳ ಹೊಸ ಗ್ರೆಗೋರಿಯನ್ ಪಂಚಾಂಗಕ್ಕಿಂತ ಹದಿಮೂರು ದಿನ ಹಿಂದಿತ್ತು. ಅಲ್ಲಿಯ ಅಕ್ಟೋಬರ್ 25 ಬೇರೆ ಕಡೆ ನವೆಂಬರ್ 7. ಮರುವರ್ಷ ಹೊಸ ಸರಕಾರ ಪಂಚಾಂಗವನ್ನು ಬದಲಿಸಿತು. 1918ರ ಜನವರಿ 31ರಂದು ಮಲಗಿದ ರಷ್ಯಾ ಎದ್ದದ್ದು ಫೆಬ್ರವರಿ 14ರಂದು. ಹೀಗಾಗಿ ಅಕ್ಟೋಬರ್ ಕ್ರಾಂತಿಯ ಹಬ್ಬ ನವೆಂಬರಿಗೆ ಬಂದು ನಿಂತಿತು.

ದಿನಗಳನ್ನು ಹೀಗೆ ಕಳೆದುಕೊಂಡವರು ಇನ್ನೂ ಇದ್ದಾರೆ. ಬ್ರಿಟನ್ನಿನಲ್ಲಿ 1752ರ ಸೆಪ್ಟೆಂಬರ್ 2ರ ಮರುದಿನವೇ ಸೆಪ್ಟೆಂಬರ್ 14. ನಡುವಿನ ಹನ್ನೊಂದು ದಿನಾಂಕಗಳಲ್ಲಿ ಆ ವರ್ಷ ಅಲ್ಲಿ ಯಾರೂ ಹುಟ್ಟಲಿಲ್ಲ, ಯಾರೂ ಸಾಯಲಿಲ್ಲ. ‘ನಮ್ಮ ಹನ್ನೊಂದು ದಿನಗಳನ್ನು ಹಿಂದಕ್ಕೆ ಕೊಡಿ’ ಎಂದು ಜನ ಬೀದಿಗಿಳಿದು ದೊಂಬಿ ಎಬ್ಬಿಸಿದರೆಂಬ ಕಥೆ ಬಹಳ ಕಡೆ ಅಚ್ಚಾಗಿದೆ. ಅಂಥ ದೊಂಬಿಗೆ ದಾಖಲೆಯಿಲ್ಲವೆಂದು ಇತಿಹಾಸಕಾರರು ತೋರಿಸಿಕೊಟ್ಟಿದ್ದಾರೆ. ವಿಲಿಯಂ ಹೋಗಾರ್ತ್ ಎಂಬ ಚಿತ್ರಕಾರ ಚುನಾವಣೆಯ ಔತಣವನ್ನು ಕುರಿತು ಬರೆದ ಚಿತ್ರದಲ್ಲಿ ಆ ಘೋಷಣೆಯ ಫಲಕವೊಂದು ನೆಲದ ಮೇಲೆ ಬಿದ್ದಿದೆ, ಕಥೆ ಬೆಳೆದದ್ದು ಅಲ್ಲಿಂದ. ಆದ್ದರಿಂದ ನನ್ನ ಪುಟದಲ್ಲಿ ಹನ್ನೊಂದು ದಿನಗಳಿಗೆ ಜಾಗವಿದೆ, ದೊಂಬಿಗೆ ಇಲ್ಲ.

ಆದರೆ ಇವರೆಲ್ಲರಿಗಿಂತ ನನಗೆ ಪ್ರಿಯವಾದವರು ಸ್ವೀಡನ್ನಿನವರು. ಒಂದೇ ಸಲ ದಿನಗಳನ್ನು ನುಂಗುವ ಬದಲು, 1700ರಿಂದ ನಲವತ್ತು ವರ್ಷಗಳ ಕಾಲ ಅಧಿಕ ದಿನಗಳನ್ನು ಒಂದೊಂದಾಗಿ ಬಿಡುತ್ತ ಹೋಗಿ ಹೊಸ ಪಂಚಾಂಗವನ್ನು ಮೆಲ್ಲನೆ ಮುಟ್ಟೋಣ ಎಂದು ಅವರು ಗೊತ್ತುಮಾಡಿಕೊಂಡರು. 1700ರ ಫೆಬ್ರವರಿ 29ನ್ನು ಬಿಟ್ಟರು. ಆಮೇಲೆ ಮಹಾಯುದ್ಧವೊಂದರ ಗಲಾಟೆಯಲ್ಲಿ 1704ರಲ್ಲೂ 1708ರಲ್ಲೂ ಬಿಡುವುದು ತಪ್ಪಿಹೋಯಿತು. ಪರಿಣಾಮವಾಗಿ ಅವರ ತಾರೀಖು ಹಳೆಯ ಪಂಚಾಂಗದ ನೆರೆಯವರಿಗೂ ಹೊಂದಲಿಲ್ಲ, ಹೊಸ ಪಂಚಾಂಗದ ನೆರೆಯವರಿಗೂ ಹೊಂದಲಿಲ್ಲ. ಕೊನೆಗೆ ಹಳೆಯದಕ್ಕೇ ಮರಳಲು ನಿರ್ಧರಿಸಿ, ಬಿಟ್ಟಿದ್ದ ಒಂದು ದಿನವನ್ನು ಹಿಂದಕ್ಕೆ ಸೇರಿಸಬೇಕಾಗಿ ಬಂದು, 1712ರಲ್ಲಿ ಫೆಬ್ರವರಿ 30ನೆಯ ತಾರೀಖನ್ನು ಆಚರಿಸಿದರು. ಆ ದಿನದ ವಾರ್ಷಿಕೋತ್ಸವ ಮತ್ತೆಂದೂ ಬರಲಿಲ್ಲ. 1753ರಲ್ಲಿ ಫೆಬ್ರವರಿ 17ರ ಮರುದಿನ ಮಾರ್ಚ್ 1 ಎಂದು ಎಣಿಸಿ, ಕೊನೆಗೆ ಅವರೂ ಒಂದೇ ಸಲ ದಾಟಿಬಿಟ್ಟರು.

ಪ್ರಶ್ನೆ: ಷೇಕ್ಸ್‌ಪಿಯರ್ ಮತ್ತು ಸ್ಪೇನಿನ ಲೇಖಕ ಸರ್ವಾಂಟಿಸ್ ಒಂದೇ ದಿನ ತೀರಿಕೊಂಡರೆಂಬುದು ನಿಜವೇ? (ಮೈಸೂರಿನ ಓದುಗರೊಬ್ಬರು)

ಉತ್ತರ: ತಾರೀಖು ಒಂದೇ, ದಿನ ಬೇರೆ. ಇಬ್ಬರ ಹೆಸರಿಗೂ 1616ರ ಏಪ್ರಿಲ್ 23 ಎಂದು ಬರೆಯುವ ರೂಢಿಯಿದೆ. ಆಗ ಸ್ಪೇನು ಹೊಸ ಪಂಚಾಂಗದಲ್ಲಿತ್ತು, ಇಂಗ್ಲೆಂಡು ಹಳೆಯದರಲ್ಲಿತ್ತು. ಇಂಗ್ಲೆಂಡಿನ ಆ ಏಪ್ರಿಲ್ 23 ಸ್ಪೇನಿನ ಲೆಕ್ಕದಲ್ಲಿ ಮೇ 3. ಸಾಲದ್ದಕ್ಕೆ ಸರ್ವಾಂಟಿಸ್ ತೀರಿಕೊಂಡದ್ದು 22ರಂದು, 23 ಅವನನ್ನು ಮಣ್ಣು ಮಾಡಿದ ದಿನ. ಯುನೆಸ್ಕೋ 1995ರಲ್ಲಿ ಏಪ್ರಿಲ್ 23ನ್ನು ವಿಶ್ವ ಪುಸ್ತಕ ದಿನವೆಂದು ಆರಿಸಿಕೊಂಡದ್ದಕ್ಕೆ ಈ ತಾರೀಖಿನ ನೆಂಟಸ್ತಿಕೆಯೂ ಒಂದು ಕಾರಣ. ಆ ದಿನ ಪುಸ್ತಕ ಕೊಳ್ಳುವುದಕ್ಕೆ ಹತ್ತು ದಿನಗಳ ಅಂತರ ಅಡ್ಡಿಯಾಗಬೇಕಿಲ್ಲ.

ಪ್ರಶ್ನೆ: ಮೋನಾಲಿಸಾ ಕಳುವಾದದ್ದು ಆಗಸ್ಟ್ 21ರಂದೋ 22ರಂದೋ? ಎರಡನ್ನೂ ಓದಿದ್ದೇನೆ. (ಮಂಗಳೂರಿನ ಓದುಗರೊಬ್ಬರು)

ಉತ್ತರ: ಕಳುವಾದದ್ದು 1911ರ ಆಗಸ್ಟ್ 21, ಸೋಮವಾರ, ಗೊತ್ತಾದದ್ದು 22, ಮಂಗಳವಾರ. ಗೋಡೆ ಬರಿದಾಗಿದ್ದನ್ನು ಕಂಡ ಕಾವಲುಗಾರರು ಚಿತ್ರವನ್ನು ಛಾಯಾಚಿತ್ರ ತೆಗೆಯಲು ಒಯ್ದಿರಬೇಕೆಂದು ತಿಳಿದಿದ್ದರು. ವಿಚಾರಿಸಿ ಎಂದು ಪಟ್ಟು ಹಿಡಿದವನು ಆ ಕೋಣೆಯಲ್ಲಿ ಚಿತ್ರ ಬರೆಯಲು ಬಂದಿದ್ದ ಲೂಯಿ ಬೆರೂ ಎಂಬ ಕಲಾವಿದ. ವಾರದ ಮೇಲೆ, ಆ ಚಿತ್ರವಿದ್ದ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯ ಬಾಗಿಲು ತೆರೆದಾಗ ಆ ಖಾಲಿ ಗೋಡೆಯನ್ನು ನೋಡಲು ಜನ ಸಾಲುಗಟ್ಟಿದರು. ನಾನು ಈ ಪ್ರಸಂಗವನ್ನು 22ಕ್ಕೆ ಹಾಕಿದ್ದೇನೆ, ಏಕೆಂದರೆ ನಗು ಇರುವುದು ಕಳವಿನಲ್ಲಲ್ಲ, ಒಂದು ಇಡೀ ದಿನ ಅದು ಯಾರಿಗೂ ತಿಳಿಯದೆ ಹೋದದ್ದರಲ್ಲಿ.

ಪ್ರಶ್ನೆ: ಫೆಬ್ರವರಿ 29ರಂದು ಹುಟ್ಟಿದ ನಮ್ಮಂಥವರ ಪಾಡೇನು? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ನಿಮ್ಮ ಸಾಲಿನಲ್ಲಿ ಪ್ರಧಾನಿಯೊಬ್ಬರಿದ್ದಾರೆ. ಮೊರಾರ್ಜಿ ದೇಸಾಯಿ ಅವರು ಹುಟ್ಟಿದ್ದು 1896ರ ಫೆಬ್ರವರಿ 29ರಂದು. 1900 ನಾಲ್ಕರಿಂದ ಭಾಗವಾದರೂ ಅಧಿಕ ವರ್ಷವಲ್ಲ, ಶತಮಾನದ ವರ್ಷ 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷ. ಹೀಗಾಗಿ ತಮ್ಮ ಮೊದಲ ಫೆಬ್ರವರಿ 29ನ್ನು ಅವರು ಕಂಡದ್ದು 1904ರಲ್ಲಿ, ಎಂಟು ತುಂಬಿದಾಗ. 1977ರಲ್ಲಿ ಎಂಬತ್ತೊಂದರ ವಯಸ್ಸಿನಲ್ಲಿ ಪ್ರಧಾನಿಯಾದಾಗ ಅವರ ಲೆಕ್ಕಕ್ಕೆ ಸೇರಿದ್ದ ಅಂಥ ಹುಟ್ಟುಹಬ್ಬಗಳು ಹತ್ತೊಂಬತ್ತು. 1995ರಲ್ಲಿ ತೊಂಬತ್ತೊಂಬತ್ತು ತುಂಬಿದ ಮೇಲೆ ಅವರು ತೀರಿಕೊಂಡಾಗ ಒಟ್ಟು ಇಪ್ಪತ್ತಮೂರು.

ಇದು ನಮ್ಮ ಹಿರಿಯರಿಗೆ ಹೊಸ ಸಮಸ್ಯೆಯಲ್ಲ. 2004ರ ಅಧಿಕ ಶ್ರಾವಣದಲ್ಲಿ ಹುಟ್ಟಿದ ಮಗು ಮತ್ತೊಂದು ಅಧಿಕ ಶ್ರಾವಣವನ್ನು ಕಂಡದ್ದು 2023ರಲ್ಲಿ, ಹತ್ತೊಂಬತ್ತು ವರ್ಷಗಳ ಮೇಲೆ. ಅಷ್ಟು ಕಾಲ ಪಾಯಸಕ್ಕಾಗಿ ಕಾಯಿಸುವುದು ಸರಿಯಲ್ಲವೆಂದು ಅಂಥವರ ಜನ್ಮತಿಥಿಯನ್ನು ನಿಜ ಮಾಸದಲ್ಲೇ ಆಚರಿಸುವ ಪದ್ಧತಿಯನ್ನು ನಮ್ಮ ಮನೆಗಳು ಮಾಡಿಕೊಂಡಿವೆ. ನೀವೂ ಫೆಬ್ರವರಿ 28ರಂದೋ ಮಾರ್ಚ್ 1ರಂದೋ ಧಾರಾಳವಾಗಿ ಆಚರಿಸಿಕೊಳ್ಳಿ.

ಪ್ರಶ್ನೆ: ನಿಮ್ಮ ಪುಟದಲ್ಲಿ ಪ್ಯಾರಿಸ್ಸಿನ ಹುಂಜಕ್ಕೆ ಸಿಗುವ ಜಾಗ ನಮ್ಮ ನಾಡಿಗೆ ಸಿಗುವುದಿಲ್ಲ. ಕನ್ನಡನಾಡಿನ ಚರಿತ್ರೆಯಲ್ಲಿ ನಗೆಯೇ ಇಲ್ಲವೇ? (ಬಾಗಲಕೋಟೆಯ ಓದುಗರೊಬ್ಬರು)

ಉತ್ತರ: ಇದೆ, ಆದರೆ ಇಂಗ್ಲಿಷ್ ತಾರೀಖಿನ ಚೌಕಟ್ಟಿಗೆ ಅದನ್ನು ಕೂರಿಸುವುದು ಕಷ್ಟ. ಬಸವ ಜಯಂತಿ ವೈಶಾಖ ಶುದ್ಧ ತದಿಗೆಗೆ ಬರುತ್ತದೆ, ಕನಕ ಜಯಂತಿ ಕಾರ್ತಿಕ ಬಹುಳ ತದಿಗೆಗೆ. ಪ್ರತಿ ವರ್ಷವೂ ತಾರೀಖು ಬೇರೆ. ತಾರೀಖಿನ ಪುಟದಲ್ಲಿ ಅವಕ್ಕೆ ನೆಲೆಯಾದ ಮನೆಯಿಲ್ಲ. ಇದು ನನ್ನ ಪುಟದ ಕೊರತೆಯೇ ಹೊರತು ನಾಡಿನದಲ್ಲ.

ಟಿಪ್ಪು ಸುಲ್ತಾನನ ನಾಣ್ಯಗಳನ್ನೇ ನೋಡಿ. ಅವನು ಹೊಸದೊಂದು ಶಕೆಯನ್ನು ಜಾರಿಗೆ ತಂದ, ಅರವತ್ತು ಸಂವತ್ಸರಗಳಿಗೂ ತಿಂಗಳುಗಳಿಗೂ ಹೊಸ ಹೆಸರಿಟ್ಟ, ಅಷ್ಟಕ್ಕೇ ನಿಲ್ಲಿಸದೆ ನಾಣ್ಯಗಳ ಮೇಲೆ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1215ನೆಯ ವರ್ಷದ ನಾಣ್ಯವನ್ನು ಅಂಗೈಯಲ್ಲಿಟ್ಟು ನಮ್ಮ ರೂಢಿಯಂತೆ ಎಡದಿಂದ ಓದಿದರೆ ಅದರ ಮೇಲೆ 5121 ಎಂದಿರುತ್ತದೆ. ಹೀಗೆ ಓದುವುದು ನಮ್ಮ ಪಂಡಿತರಿಗೆ ವಿಚಿತ್ರವಾಗಿ ಕಾಣಬೇಕಿರಲಿಲ್ಲ. ಶಾಸನ, ಕಾವ್ಯಗಳಲ್ಲಿ ಚಂದ್ರ ಎಂದರೆ ಒಂದು, ನೇತ್ರ ಎಂದರೆ ಎರಡು, ಬಾಣ ಎಂದರೆ ಐದು ಎಂದು ಶಬ್ದಗಳಿಂದಲೇ ವರ್ಷವನ್ನು ಹೇಳಿ, ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಜೋಡಿಸಿಕೊಳ್ಳುವ ಪದ್ಧತಿ ಅವರಿಗೆ ಬಾಯಿಪಾಠವಾಗಿತ್ತು.

ನಿಮ್ಮ ಜಿಲ್ಲೆಯಲ್ಲೇ ಇನ್ನೊಂದಿದೆ. ಐಹೊಳೆಯ ಮೇಗುಟಿ ಬಸದಿಯ ಗೋಡೆಯ ಮೇಲೆ ಇಮ್ಮಡಿ ಪುಲಕೇಶಿಯ ಆಸ್ಥಾನಕವಿ ರವಿಕೀರ್ತಿಯ ಸಂಸ್ಕೃತ ಶಾಸನವಿದೆ. ಬಸದಿ ಕಟ್ಟಿಸಿದ ವರ್ಷವನ್ನು ಅವನು ನೇರವಾಗಿ ಹೇಳಲಿಲ್ಲ. ಭಾರತ ಯುದ್ಧವಾದ ಮೇಲೆ ಮೂವತ್ತು, ಮೂರು ಸಾವಿರ, ಏಳು ನೂರು ಮತ್ತು ಐದು ವರ್ಷಗಳು ಕಳೆದವು ಎಂದು ಒಂದು ಶ್ಲೋಕ. ಶಕರಾಜರ ಕಾಲದ ಐವತ್ತು, ಆರು ಮತ್ತು ಐನೂರು ವರ್ಷಗಳು ಕಳೆದವು ಎಂದು ಇನ್ನೊಂದು. ಛಂದಸ್ಸು ಎಲ್ಲಿ ಜಾಗ ಕೊಟ್ಟಿತೋ ಅಲ್ಲಿ ಒಂದೊಂದು ಸಂಖ್ಯೆ ಕೂತಿದೆ, ಕೂಡಿಸಿಕೊಳ್ಳುವ ಕೆಲಸ ಓದುವವರದು. ಕೂಡಿಸಿದರೆ 3735 ಮತ್ತು ಶಕ 556, ಎಂದರೆ ಕ್ರಿಸ್ತಶಕ 634-35. ಅದೇ ಶಾಸನದಲ್ಲಿ, ಪುಲಕೇಶಿಗೆ ಸೋತ ಹರ್ಷವರ್ಧನನ ಹರ್ಷವೆಲ್ಲ ಭಯದಿಂದ ಕರಗಿತು ಎಂದು ದೊರೆಯ ಹೆಸರಿನ ಮೇಲೆಯೇ ಅವನು ಶ್ಲೇಷೆ ಮಾಡಿದ್ದಾನೆ; ಕಾವ್ಯದಲ್ಲಿ ತಾನು ಕಾಳಿದಾಸ, ಭಾರವಿಯರ ಕೀರ್ತಿಯನ್ನು ಪಡೆದವನೆಂದೂ ಕೊನೆಗೆ ಹೇಳಿಕೊಂಡಿದ್ದಾನೆ. ಇಷ್ಟೆಲ್ಲ ಹೇಳಿದ ಕವಿ ತಿಂಗಳು, ತಿಥಿಗಳನ್ನು ಮಾತ್ರ ಹೇಳಲಿಲ್ಲ. ಅವನನ್ನು ಯಾವ ತಾರೀಖಿಗೆ ಹಾಕಬೇಕೆಂದು ತಿಳಿಯದೆ ಇಷ್ಟು ದಿನ ಹೊರಗಿಟ್ಟಿದ್ದೆ. ಮುಂದಿನ ಅಧಿಕ ವರ್ಷ 2028ರಲ್ಲಿ ಫೆಬ್ರವರಿ 29ರ ಜಾಗದಲ್ಲಿ ಮೊರಾರ್ಜಿಯವರ ಜೊತೆಗೆ ರವಿಕೀರ್ತಿಯೂ ಇರುತ್ತಾನೆ.