ನಕ್ಸ್ಟ್‌ನಲ್ಲಿ ಕಾಂಪೊನೆಂಟ್ ತಾನಾಗಿ ಇಂಪೋರ್ಟ್ ಆಗ್ತಿಲ್ಲ, ಪಾತ್‌ಪ್ರಿಫಿಕ್ಸ್ ತೆಗೆದುಬಿಡಲೇ?

ತೆಗೀಬೇಡಿ. ನಾನು ತೆಗೆದು ಪಟ್ಟ ಪಾಡು ಸಾಕು. ನಕ್ಸ್ಟ್ ಅಂದರೆ ವ್ಯೂ ಮೇಲೆ ಕಟ್ಟಿದ ವೆಬ್ ಫ್ರೇಮ್‌ವರ್ಕ್; ಕಾಂಪೊನೆಂಟ್ ಅಂದರೆ ಪುಟದ ಒಂದು ತುಣುಕು; ಅದರ ಹೆಸರಿನ ಮುಂದೆ ಫೋಲ್ಡರ್ ಹೆಸರು ಸೇರಿಸುವ ಸೆಟ್ಟಿಂಗೇ ಪಾತ್‌ಪ್ರಿಫಿಕ್ಸ್.

ನಿಮ್ಮಲ್ಲಿ ಇಂಪೋರ್ಟ್ ಕೆಟ್ಟಿಲ್ಲ, ಹೆಸರು ತಪ್ಪಿದೆ ಅಷ್ಟೆ. ಕಾಂಪೊನೆಂಟ್ಸ್ ಒಳಗಿನ ಆರ್ಡರ್ ಫೋಲ್ಡರಿನಲ್ಲಿ ಕಾರ್ಡ್.ವ್ಯೂ ಇದ್ದರೆ ನಕ್ಸ್ಟ್ ಅದಕ್ಕೆ ಇಡುವ ಹೆಸರು ಆರ್ಡರ್‌ಕಾರ್ಡ್. ಬರೀ ಕಾರ್ಡ್ ಅಂತ ಟ್ಯಾಗ್ ಹಾಕಿದರೆ ಬಿಲ್ಡ್ ನಿಲ್ಲೋದಿಲ್ಲ. ಬ್ರೌಸರಿಗೆ ಅರ್ಥವಾಗದ ಟ್ಯಾಗ್ ಹಾಗೇ ಹೋಗಿ ಆ ಜಾಗ ಖಾಲಿ ಕಾಣುತ್ತೆ.

ನಾನು ಪಾತ್‌ಪ್ರಿಫಿಕ್ಸ್‌ಗೆ ಫಾಲ್ಸ್ ಕೊಟ್ಟೆ. ಆಗ ಫೋಲ್ಡರ್ ಹೆಸರು ಲೆಕ್ಕಕ್ಕೇ ಬರಲ್ಲ, ಆರ್ಡರ್‌ನ ಕಾರ್ಡೂ ಪ್ರಾಡಕ್ಟ್‌ನ ಕಾರ್ಡೂ ಎರಡೂ ಬರೀ ಕಾರ್ಡ್. ನಕ್ಸ್ಟ್ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟುಬಿಡುತ್ತೆ. ಟರ್ಮಿನಲ್‌ನಲ್ಲಿ ಒಂದು ವಾರ್ನಿಂಗ್ ಬಂದಿತ್ತು, ಮಿಕ್ಕ ಲಾಗ್‌ಗಳ ನಡುವೆ ಮೇಲೆ ಸರಿದುಹೋಯಿತು, ನೋಡಲಿಲ್ಲ. ಆರ್ಡರ್ ಪುಟದಲ್ಲಿ ಪ್ರಾಡಕ್ಟ್ ಕಾರ್ಡ್ ಬಂತು, ಒಳಗೆ ಏನೂ ಇಲ್ಲದೆ. ಪ್ರಾಪ್ಸ್ (ಕಾಂಪೊನೆಂಟಿಗೆ ಹೊರಗಿನಿಂದ ಕೊಡುವ ಮಾಹಿತಿ) ತಪ್ಪಿದೆ ಅಂತ ವ್ಯೂ ಹೇಳೋದು ಡೆವಲಪ್‌ಮೆಂಟ್ ಮೋಡ್‌ನಲ್ಲಿ ಮಾತ್ರ. ಪ್ರೊಡಕ್ಷನ್‌ನಲ್ಲಿ ಮೌನ. ಕೊನೆಗೆ ಸುಳಿವು ಸಿಕ್ಕಿದ್ದು ಎಚ್‌ಟಿಎಂಎಲ್‌ನಲ್ಲಿ: ಕಾರ್ಡಿನ ಹೊರಗಿನ ಡಿವ್ ಮೇಲೆ ಆರ್ಡರ್ ಅನ್ನೋ ಆಟ್ರಿಬ್ಯೂಟ್, ಅದರ ಮೌಲ್ಯ 'ಆಬ್ಜೆಕ್ಟ್ ಆಬ್ಜೆಕ್ಟ್'. ಕಾಂಪೊನೆಂಟ್ ಕೇಳಿರದ ಪ್ರಾಪ್ ಅನ್ನು ವ್ಯೂ ಹೀಗೆ ಹೊರಗಿನ ಎಲಿಮೆಂಟಿಗೆ ಅಂಟಿಸುತ್ತೆ.

ಫೈಲಿನ ಹೆಸರನ್ನೇ ಆರ್ಡರ್‌ಕಾರ್ಡ್.ವ್ಯೂ ಅಂತ ಇಡಿ, ಫೋಲ್ಡರ್ ಹಾಗೇ ಇರಲಿ. ಎರಡು ಸಲ ಬಂದ ಆರ್ಡರ್ ಅನ್ನು ನಕ್ಸ್ಟ್ ಒಂದಾಗಿಸುತ್ತೆ. ಟ್ಯಾಗ್, ಫೈಲ್ ಎರಡರದ್ದೂ ಒಂದೇ ಹೆಸರಾದ್ದರಿಂದ ಎಡಿಟರಿನಲ್ಲಿ ಹುಡುಕೋದೂ ಸಲೀಸು.

ಯುಐ ಫೋಲ್ಡರಿಗೆ ಮಾತ್ರ ಪ್ರಿಫಿಕ್ಸ್ ಬೇಡ ಅನ್ನೋದಾದರೆ ಕಾನ್ಫಿಗ್‌ನ ಕಾಂಪೊನೆಂಟ್ಸ್ ಪಟ್ಟಿಯಲ್ಲಿ ಅದನ್ನು ಮೊದಲು ಬರೆಯಿರಿ, ಪಾತ್‌ಪ್ರಿಫಿಕ್ಸ್ ಫಾಲ್ಸ್ ಕೊಟ್ಟು. ಆಮೇಲೆ ಮುಖ್ಯ ಫೋಲ್ಡರ್. ಬರೆದ ಕ್ರಮದಲ್ಲೇ ಓದುವುದರಿಂದ ಒಳಗಿನದು ಮುಂದಿರಬೇಕು.

ಎಲ್ಲವನ್ನೂ ಗ್ಲೋಬಲ್ ಮಾಡುವ ಯೋಚನೆಯೂ ಬೇಡ, ಬಳಸದಿದ್ದದ್ದಕ್ಕೂ ಒಂದೊಂದು ಚಂಕ್ (ಪ್ರತ್ಯೇಕ ಜಾವಾಸ್ಕ್ರಿಪ್ಟ್ ಫೈಲ್) ಹುಟ್ಟುತ್ತೆ. ಡೈನಾಮಿಕ್ ಕಾಂಪೊನೆಂಟಿನ 'ಈಸ್'ಗೆ ಹೆಸರನ್ನು ಸ್ಟ್ರಿಂಗ್ ಆಗಿ ಕೊಟ್ಟರೆ ನಡೆಯಲ್ಲ, ಹ್ಯಾಶ್ ಹಾಕಿದ ಕಾಂಪೊನೆಂಟ್ಸ್‌ನಿಂದ (#components) ಕೈಯಾರೆ ಇಂಪೋರ್ಟ್ ಮಾಡಿ ಅದನ್ನೇ ಕೊಡಿ.

ಈಗ ಟರ್ಮಿನಲ್‌ನಲ್ಲಿ ನಕ್ಸಿ ಪ್ರಿಪೇರ್ ಕಮಾಂಡ್ ಓಡಿಸಿ, ಡಾಟ್ ನಕ್ಸ್ಟ್ ಫೋಲ್ಡರಿನ ಕಾಂಪೊನೆಂಟ್ಸ್.ಡಿ.ಟಿಎಸ್ ತೆರೆಯಿರಿ. ನಿಮ್ಮ ಫೈಲಿಗೆ ಅಲ್ಲಿ ಯಾವ ಹೆಸರಿದೆಯೋ ಅದೇ ಟ್ಯಾಗ್.