ಓದುಗರ ಪ್ರಶ್ನೆ: ಅಗ್ಗದ ಓಪನ್ ಬ್ಯಾಕ್ ಹೆಡ್‌ಫೋನ್ ಕೊಂಡರೆ ಮೋಸ ಹೋಗ್ತೀವಾ?

ಪ್ರಶ್ನೆ: ಇಷ್ಟು ವರ್ಷ ಕ್ಲೋಸ್ಡ್ ಬ್ಯಾಕ್, ಅಂದರೆ ಕಪ್‌ಗಳ ಹಿಂಬದಿ ಮುಚ್ಚಿರುವ ಹೆಡ್‌ಫೋನ್ ಬಳಸುತ್ತಿದ್ದೆ. ಈಚೆಗೆ ಕಡಿಮೆ ಬೆಲೆಯ ಓಪನ್ ಬ್ಯಾಕ್ (ಹಿಂಬದಿಗೆ ಜಾಲರಿ ಇರುವುದು) ಒಂದನ್ನು ತರಿಸಿದೆ. ಹಾಡುವವರ ದನಿ ಎದುರಿಗೇ ಕೂತು ಹಾಡಿದ ಹಾಗಿದೆ, ಆದರೆ ಬೇಸ್ ಎಲ್ಲಿ ಹೋಯಿತೋ ಗೊತ್ತಿಲ್ಲ. ‘ಅಗ್ಗದ ಮಾಲು ಅಂದರೆ ಇಷ್ಟೇ’ ಎನ್ನುತ್ತಾನೆ ಗೆಳೆಯ. ವಾಪಸ್ ಕಳಿಸಿಬಿಡಲಾ?

ಉತ್ತರ: ಸ್ವಲ್ಪ ತಡೆಯಿರಿ. ಗೆಳೆಯರು ಸುಮ್ನೆ ಬೆಲೆಯನ್ನು ಬೈಯುತ್ತಿದ್ದಾರೆ. ಡ್ರೈವರ್, ಅಂದರೆ ಕಪ್ ಒಳಗಿನ ಪುಟ್ಟ ಸ್ಪೀಕರ್, ಕಿವಿಯ ಕಡೆಗೆ ಎಷ್ಟು ಸದ್ದು ತಳ್ಳುತ್ತದೋ ಹಿಂದಕ್ಕೂ ಅಷ್ಟೇ ತಳ್ಳುತ್ತದೆ, ಆದರೆ ಉಲ್ಟಾ: ಮುಂದಿನ ಅಲೆ ಏರುವಾಗ ಹಿಂದಿನದು ಇಳಿಯುತ್ತಿರುತ್ತದೆ. ಕ್ಲೋಸ್ಡ್ ಬ್ಯಾಕ್‌ನಲ್ಲಿ ಆ ಹಿಂದಿನ ಸದ್ದು ಕಪ್ ಒಳಗೇ ಸಿಕ್ಕಿಕೊಳ್ಳುತ್ತದೆ. ಓಪನ್ ಬ್ಯಾಕ್‌ನಲ್ಲಿ ಜಾಲರಿಯಿಂದ ಆಚೆ ಹೋಗಿಬಿಡುತ್ತದೆ. ಒಳಗೆ ಗುಂಯ್‌ಗುಡುವುದು ಕಡಿಮೆ, ಹಾಗಾಗಿ ದನಿ ಬಿಡಿಬಿಡಿಯಾಗಿ ಕೇಳುತ್ತದೆ, ವಾದ್ಯಗಳು ತಲೆಯಿಂದ ಸ್ವಲ್ಪ ಹೊರಗಿದ್ದಂತೆ ಅನಿಸುತ್ತದೆ. ಆದರೆ ಪ್ಯಾಡ್ ಅಂಚಿನಲ್ಲೋ ಸ್ಪಂಜಿನ ಮೂಲಕವೋ ಗಾಳಿ ಸೋರಿದರೆ ತೀರಾ ಕೆಳಗಿನ ಸ್ವರಗಳಲ್ಲಿ ಈ ಎರಡು ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಇದು ದುಬಾರಿ ಮಾಡೆಲ್‌ಗಳಿಗೂ ತಪ್ಪಿದ್ದಲ್ಲ. 1997ರಲ್ಲಿ ಬಂದು ಇವತ್ತಿಗೂ ಹೆಸರು ಉಳಿಸಿಕೊಂಡಿರುವ ಸೆನ್‌ಹೈಸರ್ ಎಚ್‌ಡಿ 600ರಲ್ಲೂ ತೀರಾ ತಳದ ಬೇಸ್ ಕರಗುತ್ತದೆ.

ಎಷ್ಟು ಕರಗಿದೆ ಅನ್ನುವುದು ಮುಖ್ಯ. 50 ಹರ್ಟ್ಜ್‌ನ (ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಕಡಿಮೆ ಇದ್ದಷ್ಟೂ ಸ್ವರ ಕೆಳಗಿನದು) ಕೆಳಗೆ ಎದೆಗೆ ಗುದ್ದುವ ಸದ್ದು ಇಲ್ಲ, ಆದರೆ ಬೇಸ್ ಗಿಟಾರಿನ ಪ್ರತಿ ಸ್ವರವೂ ಗುರುತು ಸಿಗುತ್ತದೆ ಅಂದರೆ ಹೆಡ್‌ಫೋನ್ ಸರಿಯಾಗೇ ಇದೆ. ಗಂಡುದನಿಯೇ ಸೊರಗಿದಂತೆ ಕೇಳಿದರೆ ಅನುಮಾನ ಪಡಿ. ಅದಕ್ಕೂ ಮೊದಲು ಎರಡೂ ಕಪ್‌ಗಳನ್ನು ಕೈಯಿಂದ ಮೆಲ್ಲಗೆ ಒಳಕ್ಕೆ ಒತ್ತಿ ನೋಡಿ. ಬೇಸ್ ತಟ್ಟನೆ ಬಂತಾ? ಹಾಗಿದ್ದರೆ ಪ್ಯಾಡ್ ಸರಿಯಾಗಿ ಕೂತಿಲ್ಲ. ಕನ್ನಡಕದ ಕಡ್ಡಿ ಅಡ್ಡ ಬಂದರೂ ಹೀಗಾಗುತ್ತದೆ, ಉದ್ದ ಕೂದಲಿದ್ದರೂ ಅಷ್ಟೇ.

ಬೇಸ್ ಇನ್ನೂ ಬೇಕು ಅನಿಸಿದರೆ ಈಕ್ವಲೈಜರ್ ಇದೆಯಲ್ಲ, ಬೇಸ್, ಟ್ರೆಬಲ್‌ಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಫ್ಟ್‌ವೇರ್. ವಿಂಡೋಸ್‌ನಲ್ಲಿ ಈಕ್ವಲೈಜರ್ ಎಪಿಒ ಉಚಿತವಾಗಿ ಸಿಗುತ್ತದೆ. ಬೇಸ್ ಎಷ್ಟು ಏರಿಸುತ್ತೀರೋ ಅಷ್ಟೇ ಪ್ರಿಆಂಪ್ (ಅದರಲ್ಲೇ ಇರುವ ಒಟ್ಟು ಸದ್ದಿನ ಮಟ್ಟ) ಇಳಿಸಿ, ಇಲ್ಲದಿದ್ದರೆ ಸದ್ದು ಒಡೆಯುತ್ತದೆ. ತುಂಬಾ ಏರಿಸಿದರೆ ಸಣ್ಣ ಡ್ರೈವರ್ ಏದುಸಿರು ಬಿಡುತ್ತದೆ, ಅದು ಕಿವಿಗೇ ಗೊತ್ತಾಗುತ್ತದೆ.

ಪ್ರಶ್ನೆ: ಡಬ್ಬದ ಮೇಲೆ ‘10 ರಿಂದ 40,000 ಹರ್ಟ್ಜ್, 50 ಎಂಎಂ ಡ್ರೈವರ್’ ಅಂತ ದೊಡ್ಡದಾಗಿ ಬರೆದಿದೆ. ಇದನ್ನು ನಂಬಿ ಕೊಳ್ಳಬಹುದಾ?

ಉತ್ತರ: ನಂಬಿ, ಆದರೆ ಅದಕ್ಕೋಸ್ಕರ ಕೊಳ್ಳಬೇಡಿ. ಮನುಷ್ಯರ ಕಿವಿಗೆ ಕೇಳುವುದೇ ಸುಮಾರು 20ರಿಂದ 20,000 ಹರ್ಟ್ಜ್, ವಯಸ್ಸಾದ ಹಾಗೆ ಮೇಲಿನದು ಇಳಿಯುತ್ತಾ ಹೋಗುತ್ತದೆ. ಆ ಅಂಕಿಯ ಪಕ್ಕದಲ್ಲಿ ಎಷ್ಟು ಡೆಸಿಬೆಲ್ ಏರಿಳಿತದೊಳಗೆ ಅನ್ನುವುದು ಇಲ್ಲದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಡ್ರೈವರ್ ಗಾತ್ರವೂ ಹಾಗೇ. ಎಚ್‌ಡಿ 600ರ ಡ್ರೈವರ್ 50 ಎಂಎಂಗಿಂತ ಚಿಕ್ಕದು, ಅಷ್ಟು ಹೇಳಿದರೆ ಸಾಕು ಅಲ್ವಾ?

ಪ್ರಶ್ನೆ: ಫೋನಿಗೆ ಹಾಕಿದರೆ ಸದ್ದು ಸಾಕಾಗುತ್ತದಾ, ಬೇರೆ ಆಂಪ್ ಬೇಕಾ?

ಉತ್ತರ: ಓಮ್ (ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆ) ನೋಡಿ, ಜೊತೆಗೆ ಸೆನ್ಸಿಟಿವಿಟಿಯನ್ನೂ (ಇಷ್ಟು ವಿದ್ಯುತ್ತಿಗೆ ಎಷ್ಟು ಜೋರು ಸದ್ದು ಅನ್ನುವುದು) ನೋಡಿ. ಫಿಲಿಪ್ಸ್ ಎಸ್‌ಎಚ್‌ಪಿ 9500 ಥರದ 32 ಓಮ್‌ನವು ಸಾಮಾನ್ಯವಾಗಿ ಫೋನಿನಲ್ಲೇ ನಡೆಯುತ್ತವೆ. ಎಡವುವುದು ಇಲ್ಲಿ: ಕೆಲವು ಕಂಪನಿಗಳು ಸೆನ್ಸಿಟಿವಿಟಿಯನ್ನು ಮಿಲಿವ್ಯಾಟ್‌ಗೆ ಇಷ್ಟು ಡೆಸಿಬೆಲ್ ಎಂದು ಬರೆಯುತ್ತವೆ, ಕೆಲವು ವೋಲ್ಟ್‌ಗೆ ಇಷ್ಟು ಎಂದು. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಮಿಲಿವ್ಯಾಟ್‌ಗೆ 100 ಡೆಸಿಬೆಲ್ ಅಂತ ಬರೆದ 32 ಓಮ್‌ನ ಹೆಡ್‌ಫೋನ್ ವೋಲ್ಟ್ ಲೆಕ್ಕದಲ್ಲಿ ಸುಮಾರು 115 ಆಗುತ್ತದೆ, ಅದೇ 100 ಅಂತ ಬರೆದ 300 ಓಮ್‌ನದು ಬರೀ 105. ಫೋನ್ ಕೊಡುವ ವೋಲ್ಟ್ ಕಡಿಮೆ, ಆದ್ದರಿಂದ ಎರಡನೆಯದು ಮೆಲ್ಲಗೆ ಕೇಳುತ್ತದೆ. ಹೆಸರು ಒಂದೇ ಅಂತ ಕಣ್ಣುಮುಚ್ಚಿ ಆರ್ಡರ್ ಮಾಡಲೂ ಬೇಡಿ. ಬೇಯರ್‌ಡೈನಾಮಿಕ್ ಡಿಟಿ 990 ಹೆಸರಿನಲ್ಲಿ 32, 250, 600 ಓಮ್ ಮೂರೂ ಬಂದಿವೆ.

ಪ್ರಶ್ನೆ: ವಾಪಸ್ ಮಾಡುವ ಅವಧಿ ಮುಗಿಯುವುದರೊಳಗೆ ಮನೆಯಲ್ಲೇ ಏನೇನು ಪರೀಕ್ಷೆ ಮಾಡಬಹುದು? ನನ್ನ ಹತ್ತಿರ ಯಾವ ಉಪಕರಣವೂ ಇಲ್ಲ.

ಉತ್ತರ: ಉಪಕರಣ ಬೇಡ. ಮೊದಲು ಫೋನಿನ ಸೆಟ್ಟಿಂಗ್‌ನಲ್ಲಿ ಮೋನೋ ಆಡಿಯೋ (ಎರಡೂ ಕಿವಿಗೆ ಒಂದೇ ಸದ್ದು) ಆನ್ ಮಾಡಿ ಯಾರದಾದರೂ ಮಾತು ಕೇಳಿ. ದನಿ ತಲೆಯ ನಡುಮಧ್ಯೆ ನಿಲ್ಲಬೇಕು. ಎಡಕ್ಕೋ ಬಲಕ್ಕೋ ವಾಲಿದರೆ ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಳ್ಳಿ, ಎಡದ್ದು ಬಲಗಿವಿಗೆ. ವಾಲಿದ್ದು ಆಗಲೂ ಅದೇ ಕಿವಿಯ ಕಡೆಗೇ ಇದ್ದರೆ ಹೆಡ್‌ಫೋನಿನ ತಪ್ಪಿಲ್ಲ, ನಿಮ್ಮ ಕಿವಿಯದೋ ಪ್ಯಾಡ್ ಕೂರುವುದರದೋ ಇರಬೇಕು. ಇನ್ನೊಂದು ಕಡೆಗೆ ಹೋದರೆ ಬೇರೆ ಫೋನಿಗೆ ಹಾಕಿ ನೋಡಿ. ಅಲ್ಲೂ ಹಾಗೇ ಆದರೆ ಎರಡು ಡ್ರೈವರ್‌ಗಳು ಹೊಂದಿಲ್ಲ, ಧೈರ್ಯವಾಗಿ ವಾಪಸ್ ಕಳಿಸಿ. ಕಡಿಮೆ ಬೆಲೆಯಲ್ಲಿ ಕಂಪನಿ ಕೈ ಬಿಗಿ ಹಿಡಿಯುವ ಜಾಗಗಳಲ್ಲಿ ಇದೂ ಒಂದು. ಒಂದೇ ಮಾಡೆಲ್‌ನ ಎರಡು ಪೀಸ್ ಬೇರೆ ಬೇರೆ ಥರ ಕೇಳಿಸುವುದೂ ಉಂಟು.

ಆಮೇಲೆ 20 ಹರ್ಟ್ಜ್‌ನಿಂದ ಮೇಲಕ್ಕೆ ಏರುವ ಟೋನ್ ಒಂದನ್ನು ಕಡಿಮೆ ವಾಲ್ಯೂಮ್‌ನಲ್ಲಿ ಹಾಕಿ. ಕೆಳಗಿನ ಕಡೆ ಜರ್ ಅಂತ ಸದ್ದು ಬಂದರೆ ಡ್ರೈವರ್ ಕೆಟ್ಟಿದೆ ಅಂತ ತಕ್ಷಣ ತೀರ್ಮಾನಿಸಬೇಡಿ, ಒಳಗೆ ಕೂದಲೊಂದು ಸೇರಿ ಡಯಾಫ್ರಂಗೆ (ಡ್ರೈವರ್‌ನಲ್ಲಿ ಅದುರುವ ತೆಳು ಪೊರೆ) ತಾಗುತ್ತಿದ್ದರೂ ಹಾಗೇ ಕೇಳುತ್ತದೆ.

ಈಗ ಟ್ರೆಬಲ್, ಅಂದರೆ ಮೇಲಿನ ಚೂಪು ಸ್ವರಗಳು. ನನ್ನನ್ನು ಕೇಳಿದರೆ ಅಗ್ಗದ ಓಪನ್ ಬ್ಯಾಕ್‌ಗಳ ದೊಡ್ಡ ಕಾಯಿಲೆ ಇದೇ, ಎಲ್ಲರೂ ಬೇಸ್ ಬಗ್ಗೆ ಗೊಣಗುತ್ತಾ ಇದನ್ನು ಮರೆಯುತ್ತಾರೆ. ಮೊದಲ ಹತ್ತು ನಿಮಿಷ ‘ಆಹಾ, ಎಷ್ಟು ಸ್ಪಷ್ಟ!’ ಅನಿಸುತ್ತದೆ. ಒಂದು ಗಂಟೆ ಆದಮೇಲೆ ‘ಸ’ಕಾರ, ‘ಶ’ಕಾರ ಬಂದಾಗಲೆಲ್ಲ ಸೂಜಿ ಚುಚ್ಚಿದಂತಾಗುತ್ತದೆ. ಆದ್ದರಿಂದ ಒಂದೇ ಹಾಡು ಕೇಳಿ ತೀರ್ಪು ಕೊಡಬೇಡಿ, ಒಂದು ಸಂಜೆ ಪೂರ್ತಿ ಹಾಕಿಕೊಂಡಿರಿ. ತಲೆ ಮೇಲಿನ ಪಟ್ಟಿ ಒತ್ತುತ್ತದಾ, ಕಿವಿಯ ಅಂಚು ಡ್ರೈವರ್‌ಗೆ ತಾಗಿ ನೋಯುತ್ತದಾ ಅನ್ನುವುದೂ ಆಗಲೇ ಗೊತ್ತಾಗುವುದು. ಹಳೆಯ ಹೆಡ್‌ಫೋನ್ ಜೊತೆ ಹೋಲಿಸುವುದಾದರೆ ಎರಡರ ಸದ್ದೂ ಒಂದೇ ಮಟ್ಟಕ್ಕೆ ಇರಲಿ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ಹೇಳಿಬಿಡುತ್ತದೆ.

ಪ್ರಶ್ನೆ: ನನ್ನದು ನಿಜವಾಗಲೂ ಓಪನ್ ಬ್ಯಾಕ್ ಹೌದೋ ಅಲ್ಲವೋ ಅಂತ ಅನುಮಾನ. ಜಾಲರಿ ಏನೋ ಇದೆ.

ಉತ್ತರ: ಹಾಡು ನಡೆಯುವಾಗ ಎರಡೂ ಅಂಗೈಯಿಂದ ಜಾಲರಿಗಳನ್ನು ಮುಚ್ಚಿ. ಸದ್ದು ಬದಲಾಗಿ ಡಬ್ಬದೊಳಗಿಂದ ಬಂದಂತೆ ಕೇಳಿದರೆ ಓಪನ್. ಏನೂ ಬದಲಾಗದಿದ್ದರೆ ಜಾಲರಿ ಬರೀ ಅಲಂಕಾರ. ಸ್ವಲ್ಪವೇ ಬದಲಾದರೆ ಸೆಮಿ ಓಪನ್, ಅಂದರೆ ಅರೆ ತೆರೆದದ್ದು ಇರಬಹುದು. ಎಕೆಜಿ ಕೆ 240 ಅಂಥದ್ದು, ಅದರಲ್ಲಿ ಮೋಸವೇನಿಲ್ಲ.

ಪ್ರಶ್ನೆ: ನೂರು ಗಂಟೆ ಹಾಡು ಹಾಕಿಟ್ಟರೆ ಸದ್ದು ಸುಧಾರಿಸುತ್ತದಂತೆ, ನಿಜವಾ?

ಉತ್ತರ: ಕಾಯಬೇಡಿ. ಪ್ಯಾಡ್ ಮೆತ್ತಗಾಗುತ್ತದೆ, ನಿಮ್ಮ ಕಿವಿ ಒಗ್ಗಿಕೊಳ್ಳುತ್ತದೆ. ಹೆಚ್ಚಿನ ಬದಲಾವಣೆ ಅಷ್ಟರಿಂದಲೇ. ಕಾಯುತ್ತಾ ಕೂತರೆ ವಾಪಸ್ ಮಾಡುವ ಅವಧಿ ಮುಗಿದುಹೋಗುತ್ತದೆ.

ಪ್ರಶ್ನೆ: ಬಸ್ಸಿನಲ್ಲಿ, ಆಫೀಸಿನಲ್ಲಿ ಬಳಸಬಹುದಾ?

ಉತ್ತರ: ಬೇಡ. ನಿಮ್ಮ ಹಾಡು ಪಕ್ಕದವರಿಗೆ, ಅವರ ಮಾತು ನಿಮಗೆ. ಬಸ್ಸಿನ ಗದ್ದಲ ಮೀರಿಸಲು ವಾಲ್ಯೂಮ್ ಏರಿಸುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬೆಲ್‌ನಲ್ಲಿ.

ಪ್ರಶ್ನೆ: ಎರಡು ಪಟ್ಟು ಬೆಲೆಯದ್ದು ಕೊಂಡರೆ ಎರಡು ಪಟ್ಟು ಚೆನ್ನಾಗಿರುತ್ತದಾ?

ಉತ್ತರ: ಇಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 283 ಹೆಡ್‌ಫೋನ್‌ಗಳನ್ನು ಅಳೆದಿದ್ದರು. ಬೆಲೆಗೂ ಫ್ರೀಕ್ವೆನ್ಸಿ ರೆಸ್ಪಾನ್ಸ್‌ಗೂ (ಯಾವ ಸ್ವರ ಎಷ್ಟು ಜೋರಾಗಿ ಬರುತ್ತದೆ ಅನ್ನುವುದು) ಸಂಬಂಧವೇ ಕಾಣಲಿಲ್ಲ. ಹೆಚ್ಚು ಕೊಟ್ಟಾಗ ಒಳ್ಳೆಯ ಬ್ರ್ಯಾಂಡ್‌ಗಳಲ್ಲಿ ಸಿಗಬಹುದಾದದ್ದು ಬೇರೆ: ಜೋಡಿ ಹೊಂದಿಸಿದ ಡ್ರೈವರ್, ಗಟ್ಟಿ ಹಿಂಜ್, ಬಿಚ್ಚಿ ಹಾಕಬಹುದಾದ ವೈರ್, ವರ್ಷಗಳ ನಂತರವೂ ಸಿಗುವ ಬಿಡಿಭಾಗ. ಇವು ಅಗ್ಗದ್ದರಲ್ಲಿ ಇರುವುದೇ ಇಲ್ಲ ಅಂತಲ್ಲ. ಕಾಸ್ ಪೋರ್ಟಾ ಪ್ರೊ 1984ರದ್ದು, ಕಡಿಮೆ ಬೆಲೆಯದ್ದೇ, ಈಗಲೂ ಮಾರಾಟದಲ್ಲಿದೆ, ಅದರ ಸ್ಪಂಜೂ ಸಿಗುತ್ತದೆ. ಕೊಳ್ಳುವ ಮೊದಲು ಅದೇ ಮಾಡೆಲ್‌ಗೆ ಪ್ಯಾಡ್ ಮತ್ತು ವೈರ್ ಪ್ರತ್ಯೇಕವಾಗಿ ಸಿಗುತ್ತಾ ಅಂತ ಹುಡುಕಿ. ಸಿಗದಿದ್ದರೆ, ಪ್ಯಾಡ್ ಸವೆದ ದಿನ ಹೆಡ್‌ಫೋನೂ ಮುಗಿದ ಹಾಗೆ. ಬದಲಿಸುವಾಗ ಮೊದಲಿದ್ದ ಬಟ್ಟೆಯದ್ದೇ ಹಾಕಿ. ವೆಲ್ವೆಟ್ ತೆಗೆದು ರೆಕ್ಸಿನ್ ಹಾಕಿದರೆ ಬೇಸ್, ಟ್ರೆಬಲ್ ಎರಡೂ ಬದಲಾಗುತ್ತವೆ.