‘ಮಗು ಸಹಕರಿಸಲಿಲ್ಲ’ ಅಂತ ಬರೆದರೆ ಯಾರಿಗೆ ಉಪಯೋಗ?

ಪ್ರಶ್ನೆ: ಜಿಲ್ಲಾಸ್ಪತ್ರೆಯ ಡಿಇಐಸಿಯಲ್ಲಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಜಿಲ್ಲಾ ಕೇಂದ್ರ) ವಿಶೇಷ ಶಿಕ್ಷಕಿಯಾಗಿ ಹೊಸದಾಗಿ ಸೇರಿದ್ದೇನೆ. ಪ್ರತಿ ಸೆಷನ್ ಮುಗಿದ ಮೇಲೆ ಕೇಸ್ ನೋಟ್ ಬರೆಯಬೇಕು. ‘ಮಗು ಸಹಕರಿಸಲಿಲ್ಲ’, ‘ಇವತ್ತು ಪರವಾಗಿಲ್ಲ’ ಎಂದೆಲ್ಲ ಬರೆದಿದ್ದೆ. ಇದರಿಂದ ಏನೂ ಗೊತ್ತಾಗುವುದಿಲ್ಲ ಎಂದು ಹಿರಿಯರು ಫೈಲ್ ವಾಪಸ್ ಕೊಟ್ಟರು. ದಿನಕ್ಕೆ ಎಷ್ಟೋ ಮಕ್ಕಳು ಬರುತ್ತಾರೆ, ಉದ್ದುದ್ದ ಬರೆಯಲು ಹೊತ್ತೆಲ್ಲಿ? ಇನ್ನೊಂದು ವಿಷಯ: ತಾಯಂದಿರು ಮನೆಯ ಜಗಳವನ್ನೂ ಹೇಳಿಕೊಳ್ಳುತ್ತಾರೆ. ಅದನ್ನೂ ಬರೆಯಬೇಕೇ?

ಉತ್ತರ: ಉದ್ದ ಬರೆಯಬೇಕಾಗಿಲ್ಲ. ಕಂಡದ್ದನ್ನು ಬರೆದರೆ ಸಾಕು. ‘ಸಹಕರಿಸಲಿಲ್ಲ’ ಅನ್ನುವುದು ಕಂಡದ್ದಲ್ಲ, ಅದು ನಿಮ್ಮ ತೀರ್ಪು. ಮಗು ಅತ್ತಿತೇ, ಮಲಗಿಬಿಟ್ಟಿತೇ, ಆಟಿಕೆ ಎಸೆಯಿತೇ? ಒಂದೊಂದಕ್ಕೂ ಕಾರಣ ಬೇರೆ, ಮುಂದಿನ ಹೆಜ್ಜೆಯೂ ಬೇರೆ.

ಎರಡು ವರ್ಷ ನಾಲ್ಕು ತಿಂಗಳ ಒಬ್ಬ ಹುಡುಗ ಅಂದುಕೊಳ್ಳಿ. ನೋಟ್ ಹೀಗಿರಬಹುದು:

‘ಅಮ್ಮನ ಜೊತೆ ಬಂದ. ಬಿಸ್ಕೆಟ್ ಇದ್ದ ಡಬ್ಬಿ ಮುಂದಿಟ್ಟೆ. ಅಲ್ಲಾಡಿಸಿ ನೋಡಿದ. ಅಮ್ಮನ ಕೈ ಎಳೆದು ಮುಚ್ಚಳದ ಮೇಲಿಟ್ಟ, ಮುಖ ನೋಡಲಿಲ್ಲ. “ಬೇಕಾ?” ಎಂದು ಕೇಳಿ ಕಾದೆ. 5 ಸಲದಲ್ಲಿ 2 ಸಲ “ಬೇ” ಎಂದ. ಪಕ್ಕದ ಕೋಣೆಯಲ್ಲಿ ಮಗು ಅತ್ತಾಗ ಕಿವಿ ಮುಚ್ಚಿಕೊಂಡು ಬಾಗಿಲಿಗೆ ಓಡಿದ. ಮತ್ತೆ ಕೂರಲು 10 ನಿಮಿಷ ಹಿಡಿಯಿತು. ರಾತ್ರಿ ನಿದ್ದೆ ಮಾಡಿಲ್ಲ ಎಂದು ಅಮ್ಮ ಹೇಳಿದರು.’

ಬರೆಯಲು ಮೂರ್ನಾಲ್ಕು ನಿಮಿಷ ಸಾಕು, ಅಲ್ವಾ? ಇದರಲ್ಲಿ ವಾಕ್ ಚಿಕಿತ್ಸಕರಿಗೆ ‘ಬೇ’ ಸಿಕ್ಕಿತು. ಸದ್ದಿಗೆ ಮಗು ಹೇಗೆ ಆಡುತ್ತದೆ ಎನ್ನುವುದು ಮನಶ್ಶಾಸ್ತ್ರಜ್ಞರಿಗೆ ಗೊತ್ತಾಯಿತು. ಕೈ ಎಳೆದದ್ದು, ಮುಖ ನೋಡದಿದ್ದದ್ದು ಮಕ್ಕಳ ವೈದ್ಯರಿಗೆ ಬೇಕಾದ ಮಾಹಿತಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಬರುವ ಈ ಕೇಂದ್ರಗಳಲ್ಲಿ ಒಂದೇ ಮಗುವನ್ನು ಹಲವರು ನೋಡುತ್ತಾರೆ. ಅಂಗನವಾಡಿಯಲ್ಲಿ ತಪಾಸಣೆ ಮಾಡಿ ಕಳಿಸಿದ ತಂಡದ ಚೀಟಿಯೂ ಅದೇ ಫೈಲಿನಲ್ಲಿ ಇರುತ್ತದೆ. ನಾಳೆ ನೀವು ರಜೆ ಹಾಕಿದರೆ ಇನ್ನೊಬ್ಬರು ನೋಟ್ ಓದಿ ಅಲ್ಲಿಂದಲೇ ಮುಂದುವರಿಸುವಂತಿರಬೇಕು.

ಕಂಡದ್ದು, ಕೇಳಿದ್ದು, ಅನಿಸಿದ್ದು ಮೂರನ್ನೂ ಬೆರೆಸಬೇಡಿ. ನಿದ್ದೆಯ ವಿಷಯ ಅಮ್ಮ ಹೇಳಿದ್ದು, ಹಾಗೆಯೇ ಬರೆಯಿರಿ. ‘ಆಟಿಸಂ ಇರಬೇಕು’ ಎಂದು ನಿಮಗೆ ಅನಿಸಿದರೆ ಫೈಲಿನಲ್ಲಿ ಬರೆಯಬೇಡಿ, ಪರೀಕ್ಷೆ ಮಾಡುವವರ ಜೊತೆ ಮಾತಾಡಿ. ಒಮ್ಮೆ ಫೈಲಿಗೆ ಬಿದ್ದ ಪದ ಮಗುವಿನ ಹಿಂದೆ ಶಾಲೆವರೆಗೂ ಹೋಗುತ್ತದೆ.

ವಯಸ್ಸಿನ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಈ ಹುಡುಗ 32 ವಾರಕ್ಕೇ ಹುಟ್ಟಿದ್ದರೆ 8 ವಾರ ಮುಂಚೆ ಬಂದ ಹಾಗಾಯಿತು. ಎರಡು ವರ್ಷ ತುಂಬುವವರೆಗೆ ಬೆಳವಣಿಗೆ ಅಳೆಯುವಾಗ ಆ 8 ವಾರ ಕಳೆದೇ ಲೆಕ್ಕ ಹಾಕುವುದು ರೂಢಿ. ಹಳೆಯ ನೋಟ್‌ನಲ್ಲಿ ಬರೀ ‘10 ತಿಂಗಳು’ ಅಂತಿದ್ದರೆ, ಕಳೆದು ಬರೆದಿದ್ದೋ ಹಾಗೇ ಬರೆದಿದ್ದೋ ಎಂದು ಈಗ ಯಾರಿಗೆ ಗೊತ್ತಾಗಬೇಕು? ಎರಡೂ ವಯಸ್ಸು ನಮೂದಿಸಿ. ಮನೆ ಮಾತು ಯಾವುದು ಎನ್ನುವುದನ್ನೂ ಬರೆಯಿರಿ. ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಕನ್ನಡ ಕೇಳುವ ಮಗುವಿಗೆ ನಿಮ್ಮ ಮಾತು ತಿಳಿಯದಿದ್ದರೆ ಅದನ್ನು ಬೆಳವಣಿಗೆಯ ವಿಳಂಬ ಅನ್ನಲಾಗದು.

ಕೊನೆಯ ಸಾಲಿನಲ್ಲಿ ಮುಂದೇನು ಎಂದು ಬರೆಯಿರಿ. ಮನೆಯಲ್ಲಿ ಮಾಡಲು ಆರೇಳು ಚಟುವಟಿಕೆ ಬರೆದುಕೊಡುವ ಚಟ ನಮ್ಮಲ್ಲಿ ಜಾಸ್ತಿ. ನನ್ನ ಮಟ್ಟಿಗೆ ಒಂದೇ ಸಾಕು: ‘ಊಟದ ಹೊತ್ತಿಗೆ ಡಬ್ಬಿ ಆಟ. ಮಾಡಿ ತೋರಿಸಿದೆ, ಅಮ್ಮನೂ ಮಾಡಿ ತೋರಿಸಿದರು.’ ಮುಂದಿನ ಸಲ ಆಗಲಿಲ್ಲ ಎಂದರೆ ಯಾಕೆಂದು ಕೇಳಿ ಬರೆಯಿರಿ. ‘ಪೋಷಕರಿಗೆ ಆಸಕ್ತಿಯಿಲ್ಲ’ ಎಂದು ಸುಮ್ನೆ ಬರೆದುಬಿಡಬೇಡಿ. ಎರಡು ಬಸ್ ಬದಲಿಸಿ, ಕೂಲಿ ಬಿಟ್ಟು ಬಂದವರು ಅವರು. ಆ ತಾಯಿಯೇ ಫೈಲ್ ಕೇಳಿ ಓದಿದರೆ ನಿಮಗೆ ಮುಜುಗರ ಆಗಬಾರದು.

ಅದೇ ದಿನ ಬರೆಯಿರಿ, ತಾರೀಖು, ಸಹಿ ಹಾಕಿ. ತಪ್ಪಾದರೆ ವೈಟ್ನರ್ ಬೇಡ. ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಮಾಡಿ, ಅಲ್ಲೂ ಸಹಿ ಹಾಕಿ.

ಇನ್ನು ಮನೆ ಜಗಳ. ಮಗುವಿನ ಆರೈಕೆಗೆ ತಗಲುವಷ್ಟು ಮಾತ್ರ ಬರೆಯಿರಿ. ‘ಈಗ ತಾಯಿ ತವರಿನಲ್ಲಿದ್ದಾರೆ, ಹಗಲು ಮಗು ಅಜ್ಜಿಯ ಬಳಿ, ಮುಂದಿನ ಸಲ ಅಜ್ಜಿಗೂ ಆಟ ತೋರಿಸಬೇಕು.’ ಗಂಡ ಏನೆಂದ, ಅತ್ತೆ ಏನೆಂದರು ಅನ್ನುವುದು ಫೈಲಿಗೆ ಬೇಡ. ಆದರೆ ಮಗುವಿನ ಮೈಮೇಲೆ ಗಾಯ ಕಂಡರೆ ಬೇರೆ ಮಾತು. ಎಲ್ಲಿದೆ, ಎಷ್ಟು ದೊಡ್ಡದು, ಯಾರು ಏನು ಕಾರಣ ಹೇಳಿದರು ಎಂದು ಅವರ ಮಾತಲ್ಲೇ ಬರೆದು ಅಂದೇ ಮೇಲಿನವರಿಗೆ ತಿಳಿಸಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ನೋಟ್‌ನ ಫೋಟೊ ತೆಗೆದು ಸಿಬ್ಬಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಅಲ್ಲಿ ಸಲಹೆ ಕೇಳಲೇಬೇಕೆಂದಿದ್ದರೆ ಹೆಸರು, ಊರು, ಮುಖ ಯಾವುದೂ ಇಲ್ಲದಂತೆ ಕೇಳಿ.